ಹದಿಹರೆಯದವರ ಆಹಾರ ಪದ್ಧತಿ ಮತ್ತು ದೇಹತೂಕ: ಮುಖ್ಯಾಂಶಗಳು

ವ್ಯಾಖ್ಯೆ ಮತ್ತು ವಯೋಮಿತಿ

• ಹದಿಹರೆಯ: 10ರಿಂದ 19 ವರ್ಷ (ವಿಶ್ವ ಆರೋಗ್ಯ ಸಂಸ್ಥೆ)
• ಯುವಜನ: 15ರಿಂದ 24 ವರ್ಷ (ವಿಶ್ವಸಂಸ್ಥೆ), ಎರಡೂ ಸೇರಿ 10ರಿಂದ 24: 'ಕಿರಿಯ ಜನ'
• ಭಾರತದಲ್ಲಿ ಹದಿಹರೆಯದವರ ಸಂಖ್ಯೆ, 2011ರ ಜನಗಣತಿ: ಸುಮಾರು 25.3 ಕೋಟಿ, ಒಟ್ಟು ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು
• ಹದಿಹರೆಯದ ಮನಶ್ಶಾಸ್ತ್ರದ ಆದ್ಯ ಗ್ರಂಥ: 'ಅಡಾಲಸೆನ್ಸ್', ಜಿ. ಸ್ಟ್ಯಾನ್ಲಿ ಹಾಲ್, 1904
• ಪ್ರೌಢಾವಸ್ಥೆಯ ಹಂತಗಳ ಮಾಪನ: ಟ್ಯಾನರ್ ಹಂತಗಳು, 1ರಿಂದ 5, ಬ್ರಿಟನ್ನಿನ ಜೇಮ್ಸ್ ಟ್ಯಾನರ್
• ಎತ್ತರ ಏರಿಕೆಯ ಗರಿಷ್ಠ ವೇಗ: ಹುಡುಗಿಯರಲ್ಲಿ ಸುಮಾರು 12ನೇ ವರ್ಷ, ಹುಡುಗರಲ್ಲಿ ಸುಮಾರು 14ನೇ ವರ್ಷ
• ಈ ಅವಧಿಯ ಗಳಿಕೆ: ವಯಸ್ಕ ಎತ್ತರದ ಸುಮಾರು 20%, ವಯಸ್ಕ ತೂಕದ ಸುಮಾರು 50%
• ಹುಡುಗಿಯರಲ್ಲಿ ಕೊಬ್ಬಿನಂಶದ ಏರಿಕೆ, ಹುಡುಗರಲ್ಲಿ ಸ್ನಾಯುರಾಶಿಯ ಏರಿಕೆ: ಎರಡೂ ಸಹಜ, ರೋಗಲಕ್ಷಣವಲ್ಲ

ಬಿಎಂಐ: ಸೂತ್ರ, ಇತಿಹಾಸ, ಗಡಿರೇಖೆಗಳು

• ಸೂತ್ರ: ಕೆಜಿಯಲ್ಲಿ ತೂಕ ÷ ಮೀಟರಿನಲ್ಲಿ ಎತ್ತರದ ವರ್ಗ
• ಮೂಲ: ಬೆಲ್ಜಿಯಂನ ಗಣಿತಜ್ಞ, ಖಗೋಳಜ್ಞ ಅಡಾಲ್ಫ್ ಕ್ವೆಟೆಲೆ, 1832, ಹಳೆಯ ಹೆಸರು 'ಕ್ವೆಟೆಲೆ ಸೂಚ್ಯಂಕ'
• 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರು: ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಹೋದ್ಯೋಗಿಗಳು, 1972
• ಆನ್ಸೆಲ್ ಕೀಸ್ ಅವರದೇ ಇನ್ನೊಂದು ಕೆಲಸ: ಮಿನೆಸೋಟ ಉಪವಾಸ ಪ್ರಯೋಗ, 1944–45, 36 ಸ್ವಯಂಸೇವಕರು
• ವಯಸ್ಕರ ಅಂತರರಾಷ್ಟ್ರೀಯ ವರ್ಗೀಕರಣ: 18.5ಕ್ಕಿಂತ ಕಡಿಮೆ – ಕಡಿಮೆ ತೂಕ, 18.5–24.9 – ಸಹಜ, 25–29.9 – ಅಧಿಕ ತೂಕ. 30 ಮತ್ತು ಮೇಲೆ – ಬೊಜ್ಜು
• ಭಾರತೀಯ ವಯಸ್ಕರಿಗೆ, 2009ರ ತಜ್ಞರ ಒಮ್ಮತ: 23–24.9 ಅಧಿಕ ತೂಕ. 25 ಮತ್ತು ಮೇಲೆ ಬೊಜ್ಜು
• 19 ವರ್ಷದೊಳಗಿನವರಿಗೆ ಈ ಸ್ಥಿರ ಅಂಕಿಗಳು ಅನ್ವಯವಾಗುವುದಿಲ್ಲ. ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬಿಎಂಐ ಮಾತ್ರ ಮಾನ್ಯ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಹೆಚ್ಚು ಎಡವುವ ಜಾಗ ಇದೇ
• ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಉಲ್ಲೇಖ, 2007: 5ರಿಂದ 19 ವರ್ಷ
 – ಅಧಿಕ ತೂಕ: +1 ಪ್ರಮಾಣಿತ ವಿಚಲನೆಗಿಂತ ಮೇಲೆ, 19ನೇ ವರ್ಷದಲ್ಲಿ ಬಿಎಂಐ 25ಕ್ಕೆ ಸಮ
 – ಬೊಜ್ಜು: +2 ವಿಚಲನೆಗಿಂತ ಮೇಲೆ, 19ನೇ ವರ್ಷದಲ್ಲಿ ಬಿಎಂಐ 30ಕ್ಕೆ ಸಮ
 – ಕೃಶತೆ: −2 ವಿಚಲನೆಗಿಂತ ಕೆಳಗೆ
 – ತೀವ್ರ ಕೃಶತೆ: −3 ವಿಚಲನೆಗಿಂತ ಕೆಳಗೆ
• 5 ವರ್ಷದೊಳಗಿನವರಿಗೆ ಬೇರೆ ಮಾನದಂಡ: 2006, ಆಧಾರ 6 ದೇಶಗಳ ಅಧ್ಯಯನ – ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ; ಭಾರತದ ಕೇಂದ್ರ ನವದೆಹಲಿ
• ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಬೆಳವಣಿಗೆ ನಕ್ಷೆ, 2015: 5ರಿಂದ 18 ವರ್ಷ, ಅಧಿಕ ತೂಕಕ್ಕೆ ವಯಸ್ಕ ಬಿಎಂಐ 23ಕ್ಕೆ ಸಮನಾದ ಗೆರೆ, ಬೊಜ್ಜಿಗೆ 27ಕ್ಕೆ ಸಮನಾದ ಗೆರೆ
• ಒಂದೇ ಹುಡುಗ ಒಂದು ನಕ್ಷೆಯಲ್ಲಿ ಸಹಜ, ಇನ್ನೊಂದರಲ್ಲಿ ಅಧಿಕ ತೂಕ: ಸಮೀಕ್ಷೆಗಳ ಅಂಕಿ ತಾಳೆಯಾಗದಿರಲು ಮುಖ್ಯ ಕಾರಣ
• ಕೊಬ್ಬಿನ ಮರುಏರಿಕೆ: ಬಾಲ್ಯದಲ್ಲಿ ಇಳಿದ ಬಿಎಂಐ ಸುಮಾರು 5–7ನೇ ವರ್ಷದಲ್ಲಿ ಮತ್ತೆ ಏರತೊಡಗುವ ಘಟ್ಟ, ಫ್ರಾನ್ಸಿನ ರೋಲಾಂ-ಕಶೆರಾ, 1984, ಈ ಘಟ್ಟ ಬೇಗ ಬಂದಷ್ಟೂ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು
• ಸೊಂಟದ ಸುತ್ತಳತೆ–ಎತ್ತರದ ಅನುಪಾತ: 0.5 ಎಚ್ಚರಿಕೆಯ ಗೆರೆ
• ಲ್ಯಾನ್ಸೆಟ್ ಆಯೋಗ, ಜನವರಿ 2025: ಬಿಎಂಐ ಒಂದೇ ಸಾಲದು, 'ಪ್ರೀಕ್ಲಿನಿಕಲ್' ಮತ್ತು 'ಕ್ಲಿನಿಕಲ್' ಬೊಜ್ಜು ಎಂಬ ಹೊಸ ವಿಂಗಡಣೆ

ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ, 2016–18

• ಹದಿಹರೆಯದವರ ಪೋಷಣೆಯ ಬಗ್ಗೆ ದೇಶದ ಅತಿ ಮುಖ್ಯ ಆಕರ. ಸಂಕ್ಷಿಪ್ತ ಹೆಸರು ಸಿಎನ್‌ಎನ್‌ಎಸ್
• ನಿರ್ವಹಣೆ: ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯ, ಸಹಭಾಗಿಗಳು ಯುನಿಸೆಫ್, ಪಾಪ್ಯುಲೇಷನ್ ಕೌನ್ಸಿಲ್
• ವಯೋವ್ಯಾಪ್ತಿ: 0–19 ವರ್ಷ, 30 ರಾಜ್ಯಗಳು, ವರದಿ ಬಿಡುಗಡೆ ಅಕ್ಟೋಬರ್ 2019
• ಮಾದರಿ: 1,12,316 ಮಕ್ಕಳು ಮತ್ತು ಹದಿಹರೆಯದವರು, ರಕ್ತ, ಮೂತ್ರ ಮುಂತಾದ ಜೈವಿಕ ಮಾದರಿ 51,029 ಮಂದಿಯಿಂದ
• 10–19 ವಯೋಮಾನದ ಅಂಕಿಗಳು:
 – ಕೃಶತೆ 24%
 – ಅಧಿಕ ತೂಕ ಅಥವಾ ಬೊಜ್ಜು 5%
 – ರಕ್ತಹೀನತೆ 28%; ಹುಡುಗಿಯರು 40%, ಹುಡುಗರು 18%
 – ಕಬ್ಬಿಣಾಂಶ ಕೊರತೆ 22%
 – ಫೋಲೇಟ್ ಕೊರತೆ 37%
 – ಸತು ಕೊರತೆ 32%
 – ವಿಟಮಿನ್ ಬಿ12 ಕೊರತೆ 31%
 – ವಿಟಮಿನ್ ಡಿ ಕೊರತೆ 24%
 – ವಿಟಮಿನ್ ಎ ಕೊರತೆ 16%
 – ಮಧುಮೇಹ-ಪೂರ್ವ ಸ್ಥಿತಿ 10%
 – ಟ್ರೈಗ್ಲಿಸರೈಡ್ ಏರಿಕೆ 16%
 – ರಕ್ತದೊತ್ತಡ ಏರಿಕೆ 5%
• ಅಧಿಕ ತೂಕ 5%, ಮಧುಮೇಹ-ಪೂರ್ವ ಸ್ಥಿತಿ 10%: ಮೊದಲನೆಯದರ ಇಮ್ಮಡಿ ಎರಡನೆಯದು. ತೂಕದ ಯಂತ್ರಕ್ಕೆ ಕಾಣದ ಅಪಾಯ. ಮುಖ್ಯ ಪರೀಕ್ಷೆಯ ಉತ್ತರಕ್ಕೆ ಈ ಒಂದು ಜೋಡಿ ಅಂಕಿ ಸಾಕು
• ಪ್ರಶ್ನೆಪತ್ರಿಕೆಗಳ ಒಲವು ಬೊಜ್ಜಿನ ಕಡೆ, ಸಮೀಕ್ಷೆಯ ಅಂಕಿ ಕೃಶತೆಯ ಕಡೆ: ಪ್ರತಿ 20 ಹದಿಹರೆಯದವರಲ್ಲಿ ಸುಮಾರು 5 ಮಂದಿ ಕೃಶ, 1 ಮಂದಿ ಅಧಿಕ ತೂಕ
• ಹೋಲಿಕೆಗೆ 5–9 ವರ್ಷ: ಕುಂಠಿತ ಬೆಳವಣಿಗೆ 22%, ಕೃಶತೆ 23%, ಅಧಿಕ ತೂಕ 4%
• 5 ವರ್ಷದೊಳಗೆ: ಕುಂಠಿತ ಬೆಳವಣಿಗೆ 35%, ಎತ್ತರಕ್ಕೆ ತಕ್ಕ ತೂಕವಿಲ್ಲದಿರುವಿಕೆ 17%, ಕಡಿಮೆ ತೂಕ 33%
• ಅಪೌಷ್ಟಿಕತೆಯ ತ್ರಿವಳಿ ಹೊರೆ: ನ್ಯೂನ ಪೋಷಣೆ, ಅತಿ ಪೋಷಣೆ, ಸೂಕ್ಷ್ಮ ಪೋಷಕಾಂಶಗಳ ಕೊರತೆ, ಮೂರನೆಯದರ ಇನ್ನೊಂದು ಹೆಸರು 'ಗುಪ್ತ ಹಸಿವು'

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ

• ನೋಡಲ್ ಸಂಸ್ಥೆ: ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಮುಂಬೈ
• ಸುತ್ತುಗಳು: 1992–93, 1998–99, 2005–06, 2015–16, 2019–21
• 15–19 ವರ್ಷದ ಹೆಣ್ಣುಮಕ್ಕಳ ರಕ್ತಹೀನತೆ: 4ನೇ ಸುತ್ತು 54.1%, 5ನೇ ಸುತ್ತು 59.1%
• 15–19 ವರ್ಷದ ಗಂಡುಮಕ್ಕಳ ರಕ್ತಹೀನತೆ: 29.2%ರಿಂದ 31.1%
• 15–49 ವರ್ಷದವರ ಅಧಿಕ ತೂಕ ಅಥವಾ ಬೊಜ್ಜು, 5ನೇ ಸುತ್ತು: ಮಹಿಳೆಯರು 24%, ಪುರುಷರು 22.9%
• ಕರ್ನಾಟಕ, 5ನೇ ಸುತ್ತು: ಅಧಿಕ ತೂಕ ಅಥವಾ ಬೊಜ್ಜು ಮಹಿಳೆಯರು 30.1%, ಪುರುಷರು 30.9%, 15–49 ಮಹಿಳೆಯರ ರಕ್ತಹೀನತೆ 47.8%
• ಎರಡು ಸಮೀಕ್ಷೆಗಳ ರಕ್ತಹೀನತೆಯ ಅಂಕಿ ಭಿನ್ನ (40%, 59.1%): ಸಿಎನ್‌ಎನ್‌ಎಸ್‌ನಲ್ಲಿ ರಕ್ತನಾಳದಿಂದ ತೆಗೆದ ರಕ್ತ, 10–19 ವರ್ಷ, ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳ ತುದಿಯ ರಕ್ತ, 15–19 ವರ್ಷ. ಉತ್ತರದಲ್ಲಿ ಸಮೀಕ್ಷೆಯ ಹೆಸರು ಕಡ್ಡಾಯ
• ರಕ್ತಹೀನತೆಯ ಗೆರೆ, ಪ್ರತಿ ಡೆಸಿಲೀಟರಿಗೆ ಹಿಮೋಗ್ಲೋಬಿನ್: 12–14 ವರ್ಷ 12 ಗ್ರಾಂ, 15 ಮೇಲ್ಪಟ್ಟ, ಗರ್ಭಿಣಿಯಲ್ಲದ ಹೆಣ್ಣು 12 ಗ್ರಾಂ, 15 ಮೇಲ್ಪಟ್ಟ ಗಂಡು 13 ಗ್ರಾಂ

ಜಾಗತಿಕ ಅಂಕಿಅಂಶ

• 5–19 ವರ್ಷದವರಲ್ಲಿ ಬೊಜ್ಜು: 1975ರಲ್ಲಿ 1.1 ಕೋಟಿ, 2016ರಲ್ಲಿ 12.4 ಕೋಟಿ (ಲ್ಯಾನ್ಸೆಟ್, 2017)
• 2022: ಬೊಜ್ಜು ಇರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು, ಇವರಲ್ಲಿ 5–19 ವರ್ಷದವರು ಸುಮಾರು 16 ಕೋಟಿ (ಲ್ಯಾನ್ಸೆಟ್, 2024)
• 5–19 ವರ್ಷ, ಅಧಿಕ ತೂಕ (ಬೊಜ್ಜು ಸೇರಿ): 1990ರಲ್ಲಿ 8%, 2022ರಲ್ಲಿ 20%, ಸಂಖ್ಯೆ 39 ಕೋಟಿಗೂ ಹೆಚ್ಚು
• ಭಾರತ, 5–19 ವರ್ಷ, ಬೊಜ್ಜು: 1990ರಲ್ಲಿ 4 ಲಕ್ಷ, 2022ರಲ್ಲಿ 1.25 ಕೋಟಿ, ಹುಡುಗರು 73 ಲಕ್ಷ, ಹುಡುಗಿಯರು 52 ಲಕ್ಷ
• ಭಾರತದ ಈ 1.25 ಕೋಟಿ ಮೂಲ ವರದಿಯಲ್ಲಿ 12.5 ಮಿಲಿಯನ್; 12.5 ಕೋಟಿ ಎಂಬ ಆಯ್ಕೆ ತಪ್ಪು
• ಭಾರತ, 5–19 ವರ್ಷ, ಕೃಶತೆ 2022: ಹುಡುಗರು 21.7%, ಹುಡುಗಿಯರು 20.3%
• ಯುನಿಸೆಫ್ ವರದಿ, ಸೆಪ್ಟೆಂಬರ್ 2025: 5–19 ವಯೋಮಾನದಲ್ಲಿ ಕಡಿಮೆ ತೂಕವನ್ನು ಬೊಜ್ಜು ಹಿಂದಿಕ್ಕಿದ್ದು ಇದೇ ಮೊದಲು
 – ಕಡಿಮೆ ತೂಕ: 2000ದಲ್ಲಿ ಸುಮಾರು 13%, ಈಗ 9.2%
 – ಬೊಜ್ಜು: 3%ರಿಂದ 9.4%; ಸಂಖ್ಯೆ 18.8 ಕೋಟಿ
 – ಹೊರತಾದ ಎರಡು ಪ್ರದೇಶ: ಸಹಾರಾದ ದಕ್ಷಿಣದ ಆಫ್ರಿಕಾ, ದಕ್ಷಿಣ ಏಷ್ಯಾ
• ಬಾಲ್ಯ ಬೊಜ್ಜು ನಿರ್ಮೂಲನಾ ಆಯೋಗ, ವಿಶ್ವ ಆರೋಗ್ಯ ಸಂಸ್ಥೆ: ರಚನೆ 2014, ವರದಿ 2016
• ಸುಸ್ಥಿರ ಅಭಿವೃದ್ಧಿ ಗುರಿ 2.2: ಎಲ್ಲ ಬಗೆಯ ಅಪೌಷ್ಟಿಕತೆಗೆ ಕೊನೆ, ಕಿಶೋರಿಯರ ಪೋಷಣೆಯ ನೇರ ಉಲ್ಲೇಖ

'ತೆಳು ಮೈ, ಹೆಚ್ಚು ಕೊಬ್ಬು': ಪುಣೆ ಮತ್ತು ಮೈಸೂರು

• ಪರಿಕಲ್ಪನೆ: ಕಡಿಮೆ ಬಿಎಂಐನಲ್ಲೂ ಹೆಚ್ಚು ಕೊಬ್ಬಿನಂಶವಿರುವ ಭಾರತೀಯ ದೇಹರಚನೆ, ಚಿತ್ತರಂಜನ್ ಯಾಜ್ಞಿಕ್, ಕೆಇಎಂ ಆಸ್ಪತ್ರೆ, ಪುಣೆ
• ಪುಣೆ ತಾಯಂದಿರ ಪೋಷಣಾ ಅಧ್ಯಯನ: ಆರಂಭ 1993
• 'ವೈ-ವೈ ವಿರೋಧಾಭಾಸ', ಲ್ಯಾನ್ಸೆಟ್, 2004: ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್, ಇಬ್ಬರ ಬಿಎಂಐ 22.3, ಕೊಬ್ಬಿನಂಶ ಯುಡ್ಕಿನ್ 9.1%, ಯಾಜ್ಞಿಕ್ 21.2%
• ಸೈದ್ಧಾಂತಿಕ ಹಿನ್ನೆಲೆ: ಡೇವಿಡ್ ಬಾರ್ಕರ್, ಗರ್ಭಾವಸ್ಥೆಯ ಪೋಷಣೆಗೂ ಮುಂದಿನ ರೋಗಕ್ಕೂ ನಂಟು
• ಮೈಸೂರು ಪಾರ್ಥಿನಾನ್ ಅಧ್ಯಯನ: 1997–98, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹುಟ್ಟಿದ ಮಕ್ಕಳ ದೀರ್ಘಕಾಲದ ಅನುಸರಣೆ, ಸಹಯೋಗ ಬ್ರಿಟನ್ನಿನ ಸೌತಾಂಪ್ಟನ್
• ಮುಖ್ಯ ಶೋಧ: ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಬಾಲ್ಯದಲ್ಲೇ ಹೆಚ್ಚು ಕೊಬ್ಬಿನಂಶ
• ಇದೇ ಆಸ್ಪತ್ರೆಯ ಜನನ ದಾಖಲೆಗಳು: 1934ರಿಂದ, ದೇಶದ ಹಳೆಯ, ಸಂಶೋಧನೆಗೆ ಒದಗಿದ ದಾಖಲೆಗಳ ಸಾಲಿನಲ್ಲಿ ಸ್ಥಾನ. ಕರ್ನಾಟಕದ ಅಭ್ಯರ್ಥಿಗಳು ಬಿಡಬಾರದ ಅಂಶ

ದಿನದ ಪೋಷಕಾಂಶ ಅಗತ್ಯ (ಐಸಿಎಂಆರ್-ಎನ್‌ಐಎನ್, 2020)

• ಹುಡುಗರು
 – 10–12 ವರ್ಷ: 2,220 ಕಿಲೊ ಕ್ಯಾಲೊರಿ, ಪ್ರೋಟೀನ್ 32 ಗ್ರಾಂ, ಕಬ್ಬಿಣ 16 ಮಿಗ್ರಾಂ
 – 13–15 ವರ್ಷ: 2,860, 45 ಗ್ರಾಂ, 22 ಮಿಗ್ರಾಂ
 – 16–18 ವರ್ಷ: 3,320, 55 ಗ್ರಾಂ, 26 ಮಿಗ್ರಾಂ
• ಹುಡುಗಿಯರು
 – 10–12 ವರ್ಷ: 2,060, 33 ಗ್ರಾಂ, 28 ಮಿಗ್ರಾಂ
 – 13–15 ವರ್ಷ: 2,400, 43 ಗ್ರಾಂ, 30 ಮಿಗ್ರಾಂ
 – 16–18 ವರ್ಷ: 2,500, 46 ಗ್ರಾಂ, 32 ಮಿಗ್ರಾಂ
• ಕ್ಯಾಲ್ಸಿಯಂ, ಇಬ್ಬರಿಗೂ: 850, 1,000, 1,050 ಮಿಗ್ರಾಂ (ಅದೇ ವಯೋಕ್ರಮ)
• ಕ್ಯಾಲೊರಿ ಹುಡುಗರಿಗೆ ಹೆಚ್ಚು, ಕಬ್ಬಿಣ ಹುಡುಗಿಯರಿಗೆ ಹೆಚ್ಚು: ಕಾರಣ ಕ್ರಮವಾಗಿ ಸ್ನಾಯುರಾಶಿ, ಮುಟ್ಟಿನ ರಕ್ತನಷ್ಟ
• ಶಕ್ತಿಮೌಲ್ಯ, ಪ್ರತಿ ಗ್ರಾಂಗೆ: ಶರ್ಕರಪಿಷ್ಟ 4, ಪ್ರೋಟೀನ್ 4, ಕೊಬ್ಬು 9 ಕಿಲೊ ಕ್ಯಾಲೊರಿ
• ರಾಗಿಯ ಕ್ಯಾಲ್ಸಿಯಂ, 100 ಗ್ರಾಂಗೆ: ಹಳೆಯ ಕೋಷ್ಟಕದಲ್ಲಿ 344 ಮಿಗ್ರಾಂ, 2017ರ ಕೋಷ್ಟಕದಲ್ಲಿ 364 ಮಿಗ್ರಾಂ, ಧಾನ್ಯಗಳಲ್ಲಿ ಅಗ್ರಸ್ಥಾನ
• ಭಾರತೀಯ ಆಹಾರ ಸಂಯೋಜನಾ ಕೋಷ್ಟಕ, 2017: 528 ಆಹಾರ ಪದಾರ್ಥಗಳು
• ರಾಗಿ ಉತ್ಪಾದನೆಯಲ್ಲಿ ಮೊದಲ ರಾಜ್ಯ: ಕರ್ನಾಟಕ, ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ: 2023

ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್)

• ಆರಂಭ: 1918, ಕೂನೂರು, ಬೆರಿಬೆರಿ ಸಂಶೋಧನಾ ಘಟಕ, ಸ್ಥಾಪಕ ರಾಬರ್ಟ್ ಮೆಕ್ಯಾರಿಸನ್
• ಹೈದರಾಬಾದಿಗೆ ಸ್ಥಳಾಂತರ 1958. ಈಗಿನ ಹೆಸರು 1969
• ಭಾರತೀಯ ಪೋಷಣಾ ವಿಜ್ಞಾನದ ಪಿತಾಮಹ: ಸಿ. ಗೋಪಾಲನ್ (ನಿಧನ 2019). ಭಾರತೀಯ ಪೋಷಣಾ ಪ್ರತಿಷ್ಠಾನದ ಸ್ಥಾಪಕ, 1980
• ಭಾರತೀಯರ ಆಹಾರ ಮಾರ್ಗಸೂಚಿ: ಮೇ 2024, 17 ಸೂಚನೆಗಳು
• ಮಾರ್ಗಸೂಚಿಯ ಅಂದಾಜು: ದೇಶದ ಒಟ್ಟು ರೋಗಹೊರೆಯ 56.4%ಕ್ಕೆ ಕಾರಣ ಅನಾರೋಗ್ಯಕರ ಆಹಾರ. ಆರ್ಥಿಕ ಸಮೀಕ್ಷೆ 2023–24ರಲ್ಲೂ ಉಲ್ಲೇಖ
• ಧಾನ್ಯಗಳಿಂದ ಗರಿಷ್ಠ 45% ಕ್ಯಾಲೊರಿ. ಬೇಳೆಕಾಳು, ಮಾಂಸದಿಂದ ಸುಮಾರು 15%
• ಉಪ್ಪು: ದಿನಕ್ಕೆ 5 ಗ್ರಾಂ ಮಿತಿ

ಕುರುಕಲು, ಪೊಟ್ಟಣದ ತಿಂಡಿ, ತಂಪು ಪಾನೀಯ

• ನೋವಾ ವರ್ಗೀಕರಣ: 2009, ಕಾರ್ಲೋಸ್ ಮೊಂಟೆರೊ, ಸಾವೊ ಪಾಲೊ ವಿಶ್ವವಿದ್ಯಾಲಯ, ಬ್ರೆಜಿಲ್, 4 ಗುಂಪುಗಳು, ಅತಿ ಸಂಸ್ಕರಿತ ಆಹಾರ 4ನೇ ಗುಂಪು
• ಭಾರತದಲ್ಲಿ ಅತಿ ಸಂಸ್ಕರಿತ ಆಹಾರದ ಚಿಲ್ಲರೆ ಮಾರಾಟ ಮೌಲ್ಯ: 2011–2021ರಲ್ಲಿ ವಾರ್ಷಿಕ 13.37% ಸಂಯುಕ್ತ ದರದ ಏರಿಕೆ (ವಿಶ್ವ ಆರೋಗ್ಯ ಸಂಸ್ಥೆ–ಇಕ್ರಿಯರ್ ವರದಿ, 2023)
• ಕುಟುಂಬ ಬಳಕೆ ವೆಚ್ಚ ಸಮೀಕ್ಷೆ 2023–24, ಪಾನೀಯ ಮತ್ತು ಸಂಸ್ಕರಿತ ಆಹಾರದ ಪಾಲು: ಗ್ರಾಮೀಣ 9.84%, ನಗರ 11.09%, ಆಹಾರ ವೆಚ್ಚದಲ್ಲಿ ಮೊದಲ ಸ್ಥಾನ. ಹಳ್ಳಿ–ಪೇಟೆ ಅಂತರ ಅಭ್ಯರ್ಥಿಗಳ ಊಹೆಗಿಂತ ಕಿರಿದು
• ಹೊರಗಿನಿಂದ ಸೇರಿಸಿದ ಸಕ್ಕರೆ ಮುಂತಾದ ಮುಕ್ತ ಸಕ್ಕರೆ, 2015ರ ಜಾಗತಿಕ ಮಾರ್ಗಸೂಚಿ: ಒಟ್ಟು ಶಕ್ತಿಯ 10%ಕ್ಕಿಂತ ಕಡಿಮೆ, 5%ಕ್ಕಿಂತ ಕಡಿಮೆಯಾದರೆ ಉತ್ತಮ
• ಟ್ರಾನ್ಸ್ ಕೊಬ್ಬಿನ ಮಿತಿ, ಭಾರತ: 2021ರಲ್ಲಿ 3%, 1 ಜನವರಿ 2022ರಿಂದ 2%
• ಸಕ್ಕರೆ ಬೆರೆತ ಕಾರ್ಬೊನೇಟೆಡ್ ಪಾನೀಯಗಳ ಜಿಎಸ್‌ಟಿ: 22 ಸೆಪ್ಟೆಂಬರ್ 2025ರಿಂದ 40%, ಹಿಂದೆ 28% ಮತ್ತು 12% ಸೆಸ್. ಒಟ್ಟು ಮೊತ್ತ ಮೊದಲಿನಷ್ಟೇ
• 'ಆರೋಗ್ಯ ಪೇಯ' ವರ್ಗದಿಂದ ಪಾನೀಯಗಳನ್ನು ತೆಗೆಯಲು ಆನ್‌ಲೈನ್ ಮಾರಾಟ ತಾಣಗಳಿಗೆ ವಾಣಿಜ್ಯ ಸಚಿವಾಲಯದ ಸೂಚನೆ: ಏಪ್ರಿಲ್ 2024
• ಕರ್ನಾಟಕದಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ನಿಷೇಧ: 11 ಮಾರ್ಚ್ 2024, ಪತ್ತೆಯಾದ ವಿಷಕಾರಿ ಬಣ್ಣ ರೊಡಮಿನ್-ಬಿ, ಕಬಾಬಿಗೂ ವಿಸ್ತರಣೆ ಜೂನ್ 2024. ನಿಷೇಧ ಬಣ್ಣಕ್ಕೆ, ತಿಂಡಿಗಲ್ಲ

ಶಾಲಾ ಆವರಣದ ನಿಯಮಗಳು

• ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ): ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006, ಸ್ಥಾಪನೆ 2008
• ಶಾಲಾ ನಿಯಮಾವಳಿಯ ಹಿನ್ನೆಲೆ: ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2010, ತೀರ್ಪು 2015, ಅರ್ಜಿದಾರ ಉದಯ್ ಫೌಂಡೇಷನ್
• ಶಾಲಾ ಮಕ್ಕಳ ಸುರಕ್ಷಿತ ಆಹಾರ ಮತ್ತು ಸಮತೋಲಿತ ಪಥ್ಯ ನಿಯಮಾವಳಿ: ಸೆಪ್ಟೆಂಬರ್ 2020
• ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸಿನ ಮಾರಾಟ ಮತ್ತು ಜಾಹೀರಾತು ನಿಷೇಧ: ಶಾಲೆಯೊಳಗೆ ಮತ್ತು ಗೇಟಿನಿಂದ ಎಲ್ಲ ದಿಕ್ಕಿಗೂ 50 ಮೀಟರ್. ತಂಬಾಕು ಮಾರಾಟ ನಿಷೇಧದ 100 ಗಜದೊಂದಿಗೆ ಅದಲುಬದಲು ಬೇಡ
• 'ಈಟ್ ರೈಟ್ ಇಂಡಿಯಾ' ಆಂದೋಲನ: 2018
• ಸಿಬಿಎಸ್‌ಇ 'ಸಕ್ಕರೆ ಫಲಕ' ಸುತ್ತೋಲೆ: ಮೇ 2025, ಉಲ್ಲೇಖಿತ ಅಂಕಿ – ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು 4–10 ವರ್ಷದವರಲ್ಲಿ 13%, 11–18 ವರ್ಷದವರಲ್ಲಿ 15%, ಶಿಫಾರಸು 5%
• 'ಎಣ್ಣೆ ಫಲಕ' ಸುತ್ತೋಲೆ: ಜುಲೈ 2025
• ಪ್ರಧಾನಿಯವರ 'ಮನ್ ಕಿ ಬಾತ್', 23 ಫೆಬ್ರುವರಿ 2025: ಅಡುಗೆ ಎಣ್ಣೆ 10% ಇಳಿಕೆಯ ಕರೆ, ಅಭಿಯಾನಕ್ಕೆ ನಾಮನಿರ್ದೇಶನಗೊಂಡ 10 ಗಣ್ಯರಲ್ಲಿ ಕರ್ನಾಟಕದ ಸುಧಾ ಮೂರ್ತಿ, ನಂದನ್ ನಿಲೇಕಣಿ

ಬಿಸಿಯೂಟ

• ದೇಶದ ಆರಂಭಿಕ ಶಾಲಾ ಊಟ: ಮದ್ರಾಸ್ ನಗರಪಾಲಿಕೆ, 1925
• ರಾಷ್ಟ್ರೀಯ ಯೋಜನೆ: 15 ಆಗಸ್ಟ್ 1995
• ಬೇಯಿಸಿದ ಊಟ ಕಡ್ಡಾಯ: ಸುಪ್ರೀಂ ಕೋರ್ಟ್, 28 ನವೆಂಬರ್ 2001, ಪಿಯುಸಿಎಲ್ ಪ್ರಕರಣ
• ಪಿಎಂ ಪೋಷಣ್ ಎಂಬ ಹೆಸರು: ಸೆಪ್ಟೆಂಬರ್ 2021, ಅವಧಿ 2021–22ರಿಂದ 2025–26
• ಕಿರಿಯ ಪ್ರಾಥಮಿಕ: 450 ಕಿಲೊ ಕ್ಯಾಲೊರಿ, 12 ಗ್ರಾಂ ಪ್ರೋಟೀನ್, 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ
• ಹಿರಿಯ ಪ್ರಾಥಮಿಕ: 700 ಕಿಲೊ ಕ್ಯಾಲೊರಿ, 20 ಗ್ರಾಂ ಪ್ರೋಟೀನ್, 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ
• ಕೇಂದ್ರದ ವ್ಯಾಪ್ತಿ: ಬಾಲವಾಟಿಕೆ ಮತ್ತು 1–8ನೇ ತರಗತಿ, 9ನೇ ತರಗತಿಯಿಂದ ಹದಿಹರೆಯದವರು ಹೊರಗೆ. ಅತಿ ಹೆಚ್ಚು ಕ್ಯಾಲೊರಿ ಬೇಕಾದ ವಯಸ್ಸಿಗೇ ಊಟ ಇಲ್ಲ
• ಕರ್ನಾಟಕ ಹೊರತು: 9 ಮತ್ತು 10ನೇ ತರಗತಿಗೂ ರಾಜ್ಯದ ಸ್ವಂತ ವೆಚ್ಚದಲ್ಲಿ ಬಿಸಿಯೂಟ
• ಅಕ್ಷರ ದಾಸೋಹ: ಆರಂಭ 2002, ಮೊದಲು ಉತ್ತರ ಕರ್ನಾಟಕದ 7 ಜಿಲ್ಲೆಗಳು
• ಅಕ್ಷಯ ಪಾತ್ರ ಪ್ರತಿಷ್ಠಾನ: ಆರಂಭ 2000, ಬೆಂಗಳೂರು, 5 ಶಾಲೆ, 1,500 ಮಕ್ಕಳು
• ಕ್ಷೀರಭಾಗ್ಯ: 1 ಆಗಸ್ಟ್ 2013, 150 ಮಿಲಿ ಹಾಲು, 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ, ಆರಂಭದಲ್ಲಿ ವಾರಕ್ಕೆ 3 ದಿನ, ನಂತರ 5 ದಿನ
• ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ: ಡಿಸೆಂಬರ್ 2021, ಕಲ್ಯಾಣ ಕರ್ನಾಟಕ ಭಾಗದಲ್ಲಿ ಪ್ರಾಯೋಗಿಕ, ನಂತರ ರಾಜ್ಯವ್ಯಾಪಿ
• ವಾರಕ್ಕೆ 6 ದಿನ ಮೊಟ್ಟೆ: ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ಒಪ್ಪಂದ, ಜುಲೈ 2024, 3 ವರ್ಷಕ್ಕೆ ₹1,591 ಕೋಟಿ, 2 ದಿನ ಸರ್ಕಾರ, 4 ದಿನ ಪ್ರತಿಷ್ಠಾನ
• ಹಾಲಿನೊಂದಿಗೆ ರಾಗಿ ಮಾಲ್ಟ್: ಫೆಬ್ರುವರಿ 2024, ಆರಂಭದಲ್ಲಿ ವಾರಕ್ಕೆ 3 ದಿನ, ಸಹಭಾಗಿ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್
• ಸಾರವರ್ಧಿತ ಅಕ್ಕಿ: ಘೋಷಣೆ 15 ಆಗಸ್ಟ್ 2021, ಸೇರಿಸುವ ಅಂಶ ಕಬ್ಬಿಣ, ಫೋಲಿಕ್ ಆಮ್ಲ, ಬಿ12, ಮಿಶ್ರಣ 1:100, ವಿಸ್ತರಣೆ ಡಿಸೆಂಬರ್ 2028ರವರೆಗೆ, ₹17,082 ಕೋಟಿ
• ಸಾರವರ್ಧಿತ ಆಹಾರದ ಗುರುತು: '+ಎಫ್'

ಕೇಂದ್ರದ ಇತರ ಯೋಜನೆಗಳು

• ಕಿಶೋರಿ ಶಕ್ತಿ ಯೋಜನೆ 2000. ಸಬಲಾ 2010, 200 ಜಿಲ್ಲೆ, 11–18 ವರ್ಷದ ಹುಡುಗಿಯರು
• ಪೋಷಣ್ ಅಭಿಯಾನ: 8 ಮಾರ್ಚ್ 2018, ಝುಂಝುನು, ರಾಜಸ್ಥಾನ
• ಪೋಷಣ್ 2.0 (2021–22) ಅಡಿಯ ಕಿಶೋರಿ ಯೋಜನೆ: 14–18 ವರ್ಷ, ಈಶಾನ್ಯ ರಾಜ್ಯಗಳು ಮತ್ತು ಮಹತ್ವಾಕಾಂಕ್ಷಿ ಜಿಲ್ಲೆಗಳು, ಕರ್ನಾಟಕದಲ್ಲಿ ರಾಯಚೂರು, ಯಾದಗಿರಿ
• ಪ್ರಮಾಣ: ದಿನಕ್ಕೆ 600 ಕಿಲೊ ಕ್ಯಾಲೊರಿ, 18–20 ಗ್ರಾಂ ಪ್ರೋಟೀನ್, ವರ್ಷಕ್ಕೆ 300 ದಿನ
• ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: ಫೆಬ್ರುವರಿ 2013, 0–18 ವರ್ಷ, ನಾಲ್ಕು 'ಡಿ'ಗಳು – ಜನ್ಮದೋಷ, ಕೊರತೆ, ರೋಗ, ಬೆಳವಣಿಗೆಯ ವಿಳಂಬ
• ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ: 7 ಜನವರಿ 2014, 10–19 ವರ್ಷ, 6 ವಿಷಯಗಳು, ಮೊದಲನೆಯದು ಪೋಷಣೆ, ಸಹವರ್ತಿ ಶಿಕ್ಷಕರ ಹೆಸರು 'ಸಾಥಿಯಾ', ಕರ್ನಾಟಕದಲ್ಲಿ ಹದಿಹರೆಯದವರ ಚಿಕಿತ್ಸಾ–ಸಮಾಲೋಚನಾ ಘಟಕ 'ಸ್ನೇಹ ಕ್ಲಿನಿಕ್'
• ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ: ಫೆಬ್ರುವರಿ 2020, 11 ವಿಷಯಗಳು, ಶಾಲೆಗೆ ಇಬ್ಬರು ಶಿಕ್ಷಕ ರಾಯಭಾರಿಗಳು

ಮಾತ್ರೆ: ಬಣ್ಣ ಮತ್ತು ಪ್ರಮಾಣ

• ವಾರಕ್ಕೊಮ್ಮೆ ಕಬ್ಬಿಣ–ಫೋಲಿಕ್ ಆಮ್ಲ ಪೂರೈಕೆ: 2013, 100 ಮಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ
• ಅನೀಮಿಯಾ ಮುಕ್ತ ಭಾರತ: 2018, 6×6×6 ಕಾರ್ಯತಂತ್ರ (6 ಫಲಾನುಭವಿ ಗುಂಪು, 6 ಕ್ರಮ, 6 ಸಾಂಸ್ಥಿಕ ವ್ಯವಸ್ಥೆ), ಹದಿಹರೆಯದವರಿಗೆ ಕಬ್ಬಿಣ 60 ಮಿಗ್ರಾಂಗೆ ಇಳಿಕೆ, ಫೋಲಿಕ್ ಆಮ್ಲ 500 ಮೈಕ್ರೊಗ್ರಾಂ ಯಥಾವತ್
• ಬಣ್ಣ: 10–19 ವರ್ಷ ನೀಲಿ, 5–9 ವರ್ಷ ಗುಲಾಬಿ (45 ಮಿಗ್ರಾಂ, 400 ಮೈಕ್ರೊಗ್ರಾಂ)
• ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ: 10 ಫೆಬ್ರುವರಿ, 10 ಆಗಸ್ಟ್, ಆರಂಭ 2015, 1–19 ವರ್ಷ, ಅಲ್ಬೆಂಡಜೋಲ್ 400 ಮಿಗ್ರಾಂ, 1–2 ವರ್ಷದವರಿಗೆ ಅರ್ಧ ಮಾತ್ರೆ

ಆಹಾರ ಸೇವನೆಯ ಅಸ್ವಸ್ಥತೆಗಳು

• ಅನೊರೆಕ್ಸಿಯಾ ನರ್ವೋಸಾ: ಮೊದಲ ವೈದ್ಯಕೀಯ ವಿವರಣೆ ರಿಚರ್ಡ್ ಮಾರ್ಟನ್, 1689, ಹೆಸರಿಟ್ಟವರು ವಿಲಿಯಂ ಗಲ್, ಬ್ರಿಟನ್, 1873, ಅದೇ ವರ್ಷ ಫ್ರಾನ್ಸಿನಲ್ಲಿ ಷಾರ್ಲ್ ಲಾಸೆಗ್
• ಬುಲಿಮಿಯಾ ನರ್ವೋಸಾ: ಜೆರಾಲ್ಡ್ ರಸೆಲ್, 1979
• ಮಿತಿಮೀರಿ ತಿನ್ನುವ ಅಸ್ವಸ್ಥತೆ: ವಿವರಣೆ ಆಲ್ಬರ್ಟ್ ಸ್ಟಂಕರ್ಡ್, 1959, ಪ್ರತ್ಯೇಕ ರೋಗವಾಗಿ ಮಾನ್ಯತೆ ಅಮೆರಿಕದ ಮನೋರೋಗ ಕೈಪಿಡಿ ಡಿಎಸ್‌ಎಂ-5, 2013
• ಡಿಎಸ್‌ಎಂ-5ರಲ್ಲಿ ಅನೊರೆಕ್ಸಿಯಾಕ್ಕೆ ಮುಟ್ಟು ನಿಲ್ಲುವ ಮಾನದಂಡ ರದ್ದು. ಪರಿಣಾಮ, ಗಂಡುಮಕ್ಕಳಿಗೂ ಸಮಾನ ಅನ್ವಯ
• ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ ಐಸಿಡಿ-11ರ ಸಂಕೇತ: ಅನೊರೆಕ್ಸಿಯಾ 6ಬಿ80, ಬುಲಿಮಿಯಾ 6ಬಿ81, ಮಿತಿಮೀರಿ ತಿನ್ನುವಿಕೆ 6ಬಿ82
• ತಪಾಸಣಾ ಸಾಧನ: ಈಟ್-26 (1982), ಗಾರ್ನರ್, 26 ಪ್ರಶ್ನೆ, ಸ್ಕಾಫ್ (1999), 5 ಪ್ರಶ್ನೆ
• ಫಿಜಿ ಅಧ್ಯಯನ, ಆನ್ ಬೆಕರ್, ಪ್ರಕಟಣೆ 2002: ನಡ್ರೋಗಾ ಪ್ರಾಂತ್ಯಕ್ಕೆ ದೂರದರ್ಶನ ಪ್ರವೇಶ 1995, ಈಟ್-26 ಅಂಕ 20 ಮೀರಿದ ಹುಡುಗಿಯರು 1995ರಲ್ಲಿ 12.7%, 1998ರಲ್ಲಿ 29.2%, ತೂಕ ಇಳಿಸಲು ಬಲವಂತದ ವಾಂತಿ 0ಯಿಂದ 11.3%
• ಮೂರೇ ವರ್ಷ, ಒಂದೇ ಬದಲಾವಣೆ: ದೇಹಚಿತ್ರಣ ಮತ್ತು ಮಾಧ್ಯಮ ಕುರಿತ ಪ್ರಬಂಧಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ವಿರಳ
• ಫ್ರಾನ್ಸ್, 2017: ರೂಪದರ್ಶಿಗಳಿಗೆ ವೈದ್ಯಕೀಯ ಪ್ರಮಾಣಪತ್ರ; ತಿದ್ದಿದ ಜಾಹೀರಾತು ಚಿತ್ರಕ್ಕೆ ಸೂಚನೆ ಕಡ್ಡಾಯ
• ದೀರ್ಘ ಉಪವಾಸದ ನಂತರ ದಿಢೀರ್ ಆಹಾರದ ಅಪಾಯ: ಮರುಪೋಷಣಾ ಲಕ್ಷಣಾವಳಿ, ರಕ್ತದ ಫಾಸ್ಫೇಟ್ ಕುಸಿತ
• ನಿಮ್ಹಾನ್ಸ್, ಬೆಂಗಳೂರು: ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ, 2012ರ ಕಾಯ್ದೆ

ಹಾರ್ಮೋನು, ವಂಶವಾಹಿ, ಔಷಧ

• ಲೆಪ್ಟಿನ್ – ಹಸಿವು ತಗ್ಗಿಸುವ ಹಾರ್ಮೋನು, ಕೊಬ್ಬಿನ ಅಂಗಾಂಶದಿಂದ, ಜೆಫ್ರಿ ಫ್ರೀಡ್ಮನ್, 1994
• ಗ್ರೆಲಿನ್ – ಹಸಿವು ಹೆಚ್ಚಿಸುವ ಹಾರ್ಮೋನು, ಜಠರದಿಂದ, ಕೊಜಿಮಾ ಮತ್ತು ಕಂಗಾವಾ, ಜಪಾನ್, 1999
• ಎಫ್‌ಟಿಒ ವಂಶವಾಹಿ ಮತ್ತು ಬೊಜ್ಜಿನ ನಂಟು: 2007
• ಪ್ರಾಡರ್–ವಿಲ್ಲಿ ಲಕ್ಷಣಾವಳಿ: 1956, 15ನೇ ವರ್ಣತಂತು, ತೀರದ ಹಸಿವು
• ಕತ್ತಿನ ಹಿಂಭಾಗದ ಕಪ್ಪು, ದಪ್ಪ ಚರ್ಮ: ಅಕಾಂಥೋಸಿಸ್ ನೈಗ್ರಿಕನ್ಸ್, ಇನ್ಸುಲಿನ್ ಪ್ರತಿರೋಧದ ಗುರುತು, ಕೊಳೆಯಲ್ಲ
• ಪಿಸಿಒಎಸ್ (ಅಂಡಾಶಯದ ಬಹುಗುಳ್ಳೆ ಲಕ್ಷಣಾವಳಿ): ಸ್ಟೈನ್ ಮತ್ತು ಲೆವೆಂಥಾಲ್, 1935
• 12 ವರ್ಷ ಮೇಲ್ಪಟ್ಟವರ ಬೊಜ್ಜಿಗೆ ಅಮೆರಿಕದ ಅನುಮೋದನೆ: ಲಿರಾಗ್ಲುಟೈಡ್ 2020, ಸೆಮಾಗ್ಲುಟೈಡ್ 2022

ದೈಹಿಕ ಚಟುವಟಿಕೆ

• 5–17 ವರ್ಷ: ದಿನಕ್ಕೆ ಸರಾಸರಿ 60 ನಿಮಿಷ, ಮೂಳೆ, ಸ್ನಾಯು ಬಲಪಡಿಸುವ ಚಟುವಟಿಕೆ ವಾರಕ್ಕೆ 3 ದಿನ (ವಿಶ್ವ ಆರೋಗ್ಯ ಸಂಸ್ಥೆ, 2020)
• ಸಾಕಷ್ಟು ಚಟುವಟಿಕೆ ಇಲ್ಲದ 11–17 ವರ್ಷದವರು, 2016ರ ಅಂಕಿ: ಜಗತ್ತು 81%, ಭಾರತ 73.9%
• ಫಿಟ್ ಇಂಡಿಯಾ: 29 ಆಗಸ್ಟ್ 2019, ರಾಷ್ಟ್ರೀಯ ಕ್ರೀಡಾ ದಿನ, ಧ್ಯಾನ್ ಚಂದ್ ಜನ್ಮದಿನ

ತೆರಿಗೆ ಮತ್ತು ಲೇಬಲ್: ಮೊದಲುಗಳು

• ಪರ್ಯಾಪ್ತ ಕೊಬ್ಬಿಗೆ ತೆರಿಗೆ ಹಾಕಿದ ಮೊದಲ ದೇಶ: ಡೆನ್ಮಾರ್ಕ್, ಅಕ್ಟೋಬರ್ 2011, ರದ್ದು ಜನವರಿ 2013
• ಭಾರತದ ಮೊದಲ ಕೊಬ್ಬು ತೆರಿಗೆ: ಕೇರಳ, 2016, 14.5%, ಬರ್ಗರ್, ಪಿಜ್ಜಾ ಇತ್ಯಾದಿ, 2017ರಲ್ಲಿ ಜಿಎಸ್‌ಟಿಯಲ್ಲಿ ವಿಲೀನ
• ಮೆಕ್ಸಿಕೊ ಸಿಹಿ ಪಾನೀಯ ತೆರಿಗೆ: ಜನವರಿ 2014, ಲೀಟರಿಗೆ 1 ಪೆಸೊ, ಬ್ರಿಟನ್: ಏಪ್ರಿಲ್ 2018
• ಚಿಲಿ, ಜೂನ್ 2016: ಪೊಟ್ಟಣದ ಮುಂಭಾಗದಲ್ಲಿ ಕಪ್ಪು ಅಷ್ಟಭುಜ ಎಚ್ಚರಿಕೆ
• 18ರೊಳಗಿನವರಿಗೆ ಎನರ್ಜಿ ಡ್ರಿಂಕ್ ಮಾರಾಟ ನಿಷೇಧಿಸಿದ ಮೊದಲ ದೇಶ: ಲಿಥುವೇನಿಯಾ, ನವೆಂಬರ್ 2014
• ಭಾರತ: ನಕ್ಷತ್ರ ರೇಟಿಂಗ್ ಕರಡು, ಸೆಪ್ಟೆಂಬರ್ 2022; ಮುಂಭಾಗದ ಲೇಬಲ್ ಕುರಿತು ತಜ್ಞರ ಸಮಿತಿಗೆ ಸುಪ್ರೀಂ ಕೋರ್ಟಿನ 3 ತಿಂಗಳ ಗಡುವು, ಏಪ್ರಿಲ್ 2025

ದಿನಾಚರಣೆಗಳು

• ವಿಶ್ವ ಬೊಜ್ಜು ದಿನ: 4 ಮಾರ್ಚ್, 2020ರಿಂದ; ಹಿಂದಿನ ದಿನಾಂಕ 11 ಅಕ್ಟೋಬರ್
• ಆಹಾರ ಸೇವನೆಯ ಅಸ್ವಸ್ಥತೆಗಳ ವಿಶ್ವ ದಿನ: 2 ಜೂನ್
• ರಾಷ್ಟ್ರೀಯ ಪೋಷಣಾ ಸಪ್ತಾಹ: 1–7 ಸೆಪ್ಟೆಂಬರ್, 1982ರಿಂದ, ಪೋಷಣ್ ಮಾಸ: ಸೆಪ್ಟೆಂಬರ್
• ವಿಶ್ವ ಆಹಾರ ದಿನ: 16 ಅಕ್ಟೋಬರ್